ಕ್ಷಮಿಸಿದ ಮೇಲೆ ಸಾಕ್ಷಿ ಹೇಳಬಾರದೇ?

ಪ್ರಶ್ನೆ: ಹೊಲದ ಬದುವಿನ ಜಗಳದಲ್ಲಿ ನಮ್ಮ ಮನೆಯ ಹುಡುಗನ ಕೊಲೆಯಾಯಿತು. ಕೇಸು ಕೋರ್ಟಿನಲ್ಲಿದೆ. ಈಗ ಆ ಕಡೆಯ ಹಿರಿಯರು ಬಂದು, ‘ನೀವು ಕ್ರೈಸ್ತರು, ಕ್ಷಮಿಸುವುದು ನಿಮ್ಮ ಧರ್ಮ, ಸಾಕ್ಷಿ ಹೇಳಬೇಡಿ’ ಎನ್ನುತ್ತಿದ್ದಾರೆ. ನಾವು ಏನು ಮಾಡಬೇಕು?
– ದಾವಣಗೆರೆ ಜಿಲ್ಲೆಯ ಓದುಗರು

ಸಾಕ್ಷಿ ಹೇಳಿ. ಕಂಡದ್ದನ್ನು ಕಂಡಷ್ಟೇ ಹೇಳಿ. ಕ್ಷಮೆಯ ವಿಚಾರ ಆಮೇಲೆ ನೋಡೋಣ.

ಇದು ನಿಮ್ಮೊಬ್ಬರ ಪ್ರಶ್ನೆಯಲ್ಲ. ನಾಲೆ ನೀರಿನ ಸರದಿಗೆ, ಬದುವಿಗೆ, ಅಣ್ಣತಮ್ಮಂದಿರ ಪಾಲಿಗೆ ಹೆಣ ಬೀಳುವುದನ್ನು ದಾವಣಗೆರೆ–ಚಿತ್ರದುರ್ಗ ಸೀಮೆಯವರು ಬಲ್ಲರು. ಆಮೇಲೆ ರಾಜಿ ಹೇಗೆ ಶುರುವಾಗುತ್ತದೆ ಎಂಬುದನ್ನೂ ಬಲ್ಲರು. ಮೊದಲು ಎರಡೂ ಕಡೆಗೆ ಬೇಕಾದ ದೂರದ ನೆಂಟರೊಬ್ಬರು ಬರುತ್ತಾರೆ. ಚಹಾ ಕುಡಿಯುತ್ತಾರೆ, ಮಳೆಯ ಮಾತಾಡುತ್ತಾರೆ, ಈ ಸಲ ಮೆಕ್ಕೆಜೋಳ ಎಷ್ಟಕ್ಕೆ ಹೋಯಿತು ಎಂದು ವಿಚಾರಿಸುತ್ತಾರೆ. ಎದ್ದು ಚಪ್ಪಲಿ ಮೆಟ್ಟುವಾಗ, ‘ಹೋದವನಂತೂ ಹೋದ, ಇದ್ದವರು ಬಾಳಬೇಕಲ್ಲ’ ಎಂದು ಒಂದು ಮಾತು ಬಿಟ್ಟು ಹೋಗುತ್ತಾರೆ. ಮುಂದಿನ ಸಲ ಅವರ ಜೊತೆ ಇನ್ನಿಬ್ಬರು ಇರುತ್ತಾರೆ, ಮಾತಿನಲ್ಲಿ ಒಂದು ಮೊತ್ತವೂ ಇರುತ್ತದೆ. ಕ್ರೈಸ್ತರ ಮನೆಯಾದರೆ ಮೊತ್ತಕ್ಕಿಂತ ಮೊದಲು ಯೇಸುಸ್ವಾಮಿಯ ಹೆಸರು ಬರುತ್ತದೆ. ಬೈಬಲ್ ಮುಟ್ಟಿ ನೋಡದವರಿಗೂ ‘ಇನ್ನೊಂದು ಕೆನ್ನೆ’ಯ ಮಾತು ಮಾತ್ರ ಬಾಯಿಪಾಠ!

ಆ ಕೆನ್ನೆಯ ಮಾತು ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿದೆ. ಅದನ್ನು ಹೇಳಿದ ಯೇಸುವಿನ ಕೆನ್ನೆಗೇ ಒಮ್ಮೆ ಏಟು ಬಿತ್ತು. ಬಂಧಿಸಿ ಮಹಾಯಾಜಕನ ಮುಂದೆ ನಿಲ್ಲಿಸಿದ್ದಾಗ ಓಲೇಕಾರನೊಬ್ಬ ಹೊಡೆದ. ಯೇಸು ತಿರುಗಿ ಹೊಡೆಯಲಿಲ್ಲ, ಸುಮ್ಮನೆಯೂ ಇರಲಿಲ್ಲ. ನಾನು ಆಡಿದ್ದು ತಪ್ಪಾಗಿದ್ದರೆ ತೋರಿಸು, ಸರಿಯಾಗಿದ್ದರೆ ಯಾಕೆ ಹೊಡೆದೆ ಎಂದು ಅಲ್ಲಿಯೇ ಕೇಳಿದರು. ಯೋಹಾನನ ಸುವಾರ್ತೆ, 18ನೆಯ ಅಧ್ಯಾಯ. ಯೇಸುವಿನ ಸುವಾರ್ತೆ ಸಾರುತ್ತ ಊರೂರು ತಿರುಗಿದ ಪೌಲನದೂ ಅದೇ ದಾರಿ. ಫಿಲಿಪ್ಪಿ ಪಟ್ಟಣದಲ್ಲಿ ವಿಚಾರಣೆಯಿಲ್ಲದೆ ಅವನನ್ನು ಹೊಡೆಸಿ ಸೆರೆಗೆ ಹಾಕಿದ ಅಧಿಕಾರಿಗಳು, ಬೆಳಗಾದ ಮೇಲೆ ಸದ್ದಿಲ್ಲದೆ ಹೊರಟುಹೋಗು ಎಂದು ಹೇಳಿಕಳುಹಿಸಿದರು. ಎಲ್ಲರ ಮುಂದೆ ಹೊಡೆಸಿ ಈಗ ಗುಟ್ಟಾಗಿ ಕಳುಹಿಸುತ್ತಾರೋ, ಅವರೇ ಬಂದು ಕರೆದುಕೊಂಡು ಹೋಗಲಿ ಎಂದ ಪೌಲ. ಅವರು ಬಂದರು.

ಕೊಲೆಯ ವಿಚಾರಕ್ಕೆ ಬಂದರೆ ಬೈಬಲ್ ಇನ್ನೂ ನಿಷ್ಠುರ. ಅರಣ್ಯಕಾಂಡದ 35ನೆಯ ಅಧ್ಯಾಯವನ್ನು ನಿಮ್ಮ ಮನೆಗೆ ಬರುವ ಹಿರಿಯರಿಗೆ ಓದಿ ಹೇಳಬಹುದು. ಕೊಲೆಗಾರನ ಪ್ರಾಣಕ್ಕೆ ಬದಲಾಗಿ ಹಣ ತೆಗೆದುಕೊಳ್ಳಕೂಡದು ಎಂಬ ನೇರವಾದ ಕಟ್ಟಳೆ ಅಲ್ಲಿದೆ. ಅದಕ್ಕೆ ಮುಂಚಿನ ವಚನದಲ್ಲೇ, ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ಯಾರಿಗೂ ಮರಣದಂಡನೆ ಕೊಡಬಾರದು ಎಂದೂ ಇದೆ. ಧರ್ಮೋಪದೇಶಕಾಂಡದ 21ನೆಯ ಅಧ್ಯಾಯ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹೊಲದಲ್ಲಿ ಹೆಣ ಸಿಕ್ಕಿ ಕೊಂದವರು ಯಾರೆಂದು ತಿಳಿಯದಿದ್ದರೆ, ಹೆಣ ಬಿದ್ದ ಜಾಗದಿಂದ ಸುತ್ತಲಿನ ಊರುಗಳಿಗೆ ಇರುವ ದೂರವನ್ನು ಅಳೆಯಬೇಕು. ಯಾವ ಊರು ಹತ್ತಿರವೋ ಆ ಊರಿನ ಹಿರಿಯರು ಮುಂದೆ ಬಂದು, ಈ ರಕ್ತವನ್ನು ನಾವು ಸುರಿಸಲಿಲ್ಲ, ಸುರಿಸಿದ್ದನ್ನು ಕಾಣಲೂ ಇಲ್ಲ ಎಂದು ದೇವರ ಮುಂದೆ ಹೇಳಿ ಕೈ ತೊಳೆಯಬೇಕು. ಅಂದರೆ ಕೊಲೆ ಎರಡು ಮನೆಗಳ ನಡುವಿನ ಲೆಕ್ಕವಲ್ಲ, ಊರೇ ಉತ್ತರ ಹೇಳಬೇಕಾದ ಸಂಗತಿ. ಕಂಡವರಿಗಂತೂ ಆ ಮಾತು ಹೇಳಿ ಕೈ ತೊಳೆಯುವ ಅವಕಾಶವೇ ಇಲ್ಲ.

ನಮ್ಮ ಕಾನೂನೂ ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತದೆ. ಕೊಲೆ ರಾಜಿಯಾಗುವ ಅಪರಾಧವಲ್ಲ. ಹಳೆಯ ಐಪಿಸಿ 302ನೆಯ ಸೆಕ್ಷನ್ ಇದ್ದಾಗಲೂ ಅಲ್ಲ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 103ನೆಯ ಸೆಕ್ಷನ್ನಿನಲ್ಲೂ ಅಲ್ಲ. ನಿಮ್ಮ ಕಡೆಯವರು ಒಪ್ಪಿ ಸಹಿ ಹಾಕಿದ ಮಾತ್ರಕ್ಕೆ ಕೇಸು ಮುಗಿಯುವುದಿಲ್ಲ. ಹಾಗಾಗಿ ‘ರಾಜಿ’ ಎಂದು ಅವರು ಕರೆಯುತ್ತಿರುವುದು ಇಷ್ಟೇ: ಪ್ರಮಾಣ ಮಾಡಿ ಕಟಕಟೆಯಲ್ಲಿ ನಿಂತು, ‘ನಾನು ಏನೂ ನೋಡಿಲ್ಲ’ ಎಂದು ನೀವು ಸುಳ್ಳು ಹೇಳಬೇಕು. ಕ್ಷಮೆಯ ಹೆಸರಿನಲ್ಲಿ, ಬೈಬಲಿನ ಹತ್ತು ಆಜ್ಞೆಗಳಲ್ಲಿ ಒಂದಾದ ‘ಸುಳ್ಳುಸಾಕ್ಷಿ ಹೇಳಬೇಡ’ ಎಂಬುದನ್ನು ಮುರಿಯಿರಿ ಎನ್ನುವವರ ಬಾಯಲ್ಲಿ ಕ್ರೈಸ್ತ ಧರ್ಮದ ಪಾಠ ನನಗಂತೂ ರುಚಿಸುವುದಿಲ್ಲ.

ಹಾಗಾದರೆ ಕ್ಷಮೆ ಎಲ್ಲಿ ಬಂತು? ಎರಡು ಮನೆಗಳ ಕಥೆ ನೋಡಿ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳು, ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೋತಿ, ಮಲಗಿದ್ದ ವಾಹನದಲ್ಲೇ ಸುಟ್ಟುಹೋದರು. ಗ್ರಹಾಂ ಅವರ ಹೆಂಡತಿ ಗ್ಲಾಡಿಸ್ ಕೊಂದವರನ್ನು ಬಹಿರಂಗವಾಗಿ ಕ್ಷಮಿಸಿದರು, ಬಾರಿಪದದಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಅವರ ಕ್ಷಮೆಗಾಗಿ ಕೋರ್ಟು ಬಾಗಿಲು ಮುಚ್ಚಲಿಲ್ಲ. 2003ರಲ್ಲಿ ಮುಖ್ಯ ಅಪರಾಧಿಗೆ ಮರಣದಂಡನೆಯಾಯಿತು, 2005ರಲ್ಲಿ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಎರಡನೆಯದು ಮಧ್ಯಪ್ರದೇಶದಲ್ಲಿ ಸೇವೆ ಮಾಡುತ್ತಿದ್ದ ಕ್ರೈಸ್ತ ಸನ್ಯಾಸಿನಿ ಸಿಸ್ಟರ್ ರಾಣಿ ಮರಿಯಾ ಅವರದು. 1995ರ ಫೆಬ್ರುವರಿಯಲ್ಲಿ ಬಸ್ಸಿನಲ್ಲಿ ಇಂದೋರಿಗೆ ಹೊರಟಿದ್ದ ಅವರನ್ನು ಇರಿದು ಕೊಂದರು. 2002ರಲ್ಲಿ ಅವರ ತಂಗಿ, ತಾನೂ ಸನ್ಯಾಸಿನಿ, ಜೈಲಿಗೆ ಹೋಗಿ ಅಕ್ಕನನ್ನು ಇರಿದವನ ಕೈಗೆ ರಾಖಿ ಕಟ್ಟಿದರು. ಅಷ್ಟರಲ್ಲಿ ಏಳು ವರ್ಷ ಕಳೆದಿತ್ತು, ಅವನು ಶಿಕ್ಷೆ ಅನುಭವಿಸುತ್ತಿದ್ದ. ಎರಡೂ ಕಡೆ ಕ್ಷಮೆಯನ್ನು ಯಾರೂ ಮನೆಗೆ ಬಂದು ಕೇಳಿ ಪಡೆದದ್ದಲ್ಲ, ವಾಯಿದೆಯ ದಿನಕ್ಕೆ ಮುಂಚೆ ಮುಗಿಸಬೇಕಾದ ಕೆಲಸವೂ ಆಗಿರಲಿಲ್ಲ.

ಆದ್ದರಿಂದ ಈಗ ಕ್ಷಮಿಸಲು ಆಗುತ್ತಿಲ್ಲವೆಂದು ಕೊರಗಬೇಡಿ. ಅವನು ಹಾಳಾಗಲಿ ಎಂಬ ಮಾತು ಪ್ರಾರ್ಥನೆಯ ನಡುವೆ ಬಾಯಿಗೆ ಬಂದರೆ, ಬೈಬಲಿನ 109ನೆಯ ಕೀರ್ತನೆ ತೆಗೆದು ಓದಿ. ಅದಕ್ಕಿಂತ ಕಟುವಾದ ಶಾಪ ನಿಮ್ಮ ನಾಲಿಗೆಯಲ್ಲಿ ಇರಲಾರದು. ಕೀರ್ತನೆಕಾರರು ಅದನ್ನು ದೇವರ ಮುಂದೆಯೇ ಆಡಿದ್ದಾರೆ, ಮಚ್ಚು ಹಿಡಿದು ಬೀದಿಗೆ ಇಳಿದಿಲ್ಲ. ಮುಯ್ಯಿ ತೀರಿಸುವುದು ನನ್ನ ಕೆಲಸ ಎಂದು ದೇವರು ಹೇಳಿದ್ದನ್ನು ಪೌಲ ರೋಮಾಪುರದವರಿಗೆ ನೆನಪಿಸಿದ್ದೂ ಇದಕ್ಕೇ. (ಚಿತ್ರದುರ್ಗದ ಗೆಳೆಯರು ಇಲ್ಲಿ ಓಬವ್ವನನ್ನು ತರುತ್ತಾರೆ: ಅವಳು ಒನಕೆ ಎತ್ತಿದ್ದು ಪಾಪವೇ? ಮೇಲೆ ಬೀಳುವವನನ್ನು ತಡೆಯಲು ಬೇಕಾದಷ್ಟು ಬಲ ಬಳಸಬಹುದು ಎಂದು 13ನೆಯ ಶತಮಾನದ ಕ್ರೈಸ್ತ ಧರ್ಮಶಾಸ್ತ್ರಜ್ಞ ಥಾಮಸ್ ಅಕ್ವಿನಾಸರು ಬರೆದಿದ್ದಾರೆ. ಅಹಿಂಸೆಯನ್ನೇ ವ್ರತವಾಗಿ ಪಾಲಿಸುವ ಕ್ವೇಕರ್ ಎಂಬ ಕ್ರೈಸ್ತ ಪಂಗಡದವರು ಅದನ್ನೂ ಒಪ್ಪುವುದಿಲ್ಲ. ಆದರೆ ಅದು ದಾಳಿಯ ಗಳಿಗೆಯ ಮಾತು, ನಿಮ್ಮದು ಆಮೇಲಿನ ಮಾತು.)

ನಿಮ್ಮ ನಿಜವಾದ ಪರೀಕ್ಷೆ ಇರುವುದು ಬೇರೆ ಕಡೆ. ಇಂಥ ಕೇಸುಗಳಲ್ಲಿ ಕೊಂದವನ ಜೊತೆ ಅವನ ಅಣ್ಣ, ಭಾವಮೈದುನ, ಆ ದಿನ ಊರಲ್ಲೇ ಇರದ ಚಿಕ್ಕಪ್ಪನ ಮಗ, ಎಲ್ಲರ ಹೆಸರೂ ದೂರಿಗೆ ಸೇರುವುದುಂಟು. ‘ಆ ಮನೆಯಲ್ಲಿ ಒಬ್ಬ ಗಂಡಸೂ ಹೊರಗೆ ಇರಬಾರದು’ ಎಂಬ ಹಟ ಅದು. ನಿಮ್ಮ ದೂರಿನಲ್ಲಿ ಅಂಥ ಹೆಸರಿದ್ದರೆ, ಆ ಮನುಷ್ಯನನ್ನು ಅಲ್ಲಿ ಕಾಣಲಿಲ್ಲ ಎಂದು ಕೋರ್ಟಿನಲ್ಲಿ ಹೇಳಲು ನಿಮ್ಮಿಂದ ಆಗುತ್ತದೆಯೇ? ನಿಮ್ಮವರೇ ನಿಮ್ಮನ್ನು ಬೈಯುತ್ತಾರೆ. ಕೊಂದವನ ವಿರುದ್ಧ ಸಾಕ್ಷಿ ಹೇಳುವುದಕ್ಕಿಂತ ಇದು ಕಷ್ಟ, ಶತ್ರುವನ್ನು ಪ್ರೀತಿಸಿ ಎಂಬ ಮಾತು ನಿಮ್ಮ ಕೇಸಿನಲ್ಲಿ ಕಾಣಬೇಕಾದದ್ದೂ ಇಲ್ಲಿಯೇ. ಕೊಂದವನ ಹೆಂಡತಿ ಮಕ್ಕಳಿಗೆ ಊರಿನಲ್ಲಿ ಹಾಲು, ನೀರು, ಕೂಲಿ ತಪ್ಪದಂತೆ ನೋಡುವುದೂ ಅದರಲ್ಲೇ ಬಂತು. ಗಲ್ಲಿಗೇರಿಸಲಿ ಎಂದು ನೀವು ಒತ್ತಾಯಿಸಬೇಕಾಗಿಲ್ಲ. ಮರಣದಂಡನೆ ಒಪ್ಪತಕ್ಕದ್ದಲ್ಲ ಎಂದು ಕಥೋಲಿಕ ಧರ್ಮಸಭೆ 2018ರಲ್ಲಿ ತನ್ನ ಅಧಿಕೃತ ಬೋಧನೆಯ ಗ್ರಂಥವನ್ನೇ ತಿದ್ದಿತು. ಬೇರೆ ಸಭೆಗಳಲ್ಲಿ ಎರಡು ಅಭಿಪ್ರಾಯಗಳಿವೆ.

ಬೆದರಿಕೆ ಬಂದಿದ್ದರೆ ಸರ್ಕಾರಿ ವಕೀಲರಿಗೆ ಬರೆದುಕೊಡಿ. 2018ರ ಸಾಕ್ಷಿ ರಕ್ಷಣಾ ಯೋಜನೆಯ ಪ್ರಕಾರ ರಕ್ಷಣೆ ಕೋರಿದ ಅರ್ಜಿಯನ್ನು ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ ತೀರ್ಮಾನಿಸುತ್ತದೆ. ಪರಿಹಾರ ಬೇಕಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹಿರಿಯರು ತಂದ ಮೊತ್ತವನ್ನು ಮುಟ್ಟಬೇಡಿ. ಸಮನ್ಸ್ ಬಂದ ದಿನ ಒಬ್ಬರೇ ಹೋಗದೆ ನಿಮ್ಮ ಫಾದರನ್ನೋ ಪಾಸ್ಟರನ್ನೋ ಕರೆದುಕೊಂಡು ಹೋಗಿ. ಮಣ್ಣಿನ ದಿನ ಪ್ರಾರ್ಥನೆ ಮಾಡಿದವರು ಕೋರ್ಟಿನ ವರಾಂಡದಲ್ಲೂ ಒಂದು ಹೊತ್ತು ನಿಮ್ಮ ಪಕ್ಕ ಕುಳಿತುಕೊಳ್ಳಲಿ.