‘ನಿರಾಶ್ರಿತ’ ಎಂದರೆ ಯಾರು? ಜಂಟಿ ತರಗತಿಯ ಮೊದಲ ಕೆಲಸ

ಮೈಸೂರಿನ ಒಂದು ಎಂ.ಎ. ತರಗತಿಯೂ ಜರ್ಮನಿಯ ಒಂದು ತರಗತಿಯೂ ಸೇರಿ ಆರು ವಾರ ಆನ್‌ಲೈನಿನಲ್ಲಿ ವಲಸೆಯ ಬಗ್ಗೆ ಓದುವುದಾದರೆ, ಮೊದಲ ಎರಡು ವಾರ ಪದಗಳಿಗೇ ಮೀಸಲಿಡಿ. ಪ್ರಾಜೆಕ್ಟ್ ಆಮೇಲೆ.

ಬೆಂಗಳೂರಿನ ಮಾಗಡಿ ರಸ್ತೆಯ ‘ನಿರಾಶ್ರಿತರ ಪರಿಹಾರ ಕೇಂದ್ರ’ ಇರುವುದು ಭಿಕ್ಷುಕರಿಗಾಗಿ. ಹೊಳೆ ಉಕ್ಕಿ ಮನೆ ಕಳೆದುಕೊಂಡವರು ಪತ್ರಿಕೆಗಳಲ್ಲಿ ‘ನೆರೆ ನಿರಾಶ್ರಿತರು’. ನಿರಾಶ್ರಿತರ ಕುರಿತ 1951ರ ವಿಶ್ವಸಂಸ್ಥೆಯ ಒಡಂಬಡಿಕೆ ಹೇಳುವುದೇ ಬೇರೆ: ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ, ಇವುಗಳಲ್ಲೊಂದರಿಂದಾಗಿ ಕಿರುಕುಳದ ಭಯವಿದ್ದು ಸ್ವದೇಶದ ಹೊರಗಿರುವವರು. ರಾಯಚೂರಿನಿಂದ ಗುಳೆ ಹೋಗುವವರು ಇದರೊಳಗೆ ಬರುವುದಿಲ್ಲ. ಜರ್ಮನಿ ಈ ಒಡಂಬಡಿಕೆಗೆ ಬದ್ಧ. ಭಾರತ ಇದಕ್ಕಾಗಲಿ, ಇದರ ವ್ಯಾಪ್ತಿ ಹಿಗ್ಗಿಸಿದ 1967ರ ಪ್ರೋಟೊಕಾಲ್‌ಗಾಗಲಿ ಸೇರಿಲ್ಲ. ಈ ವ್ಯತ್ಯಾಸ ತಿಳಿಯದೆ ಬರೆಯಲು ಕೂತರೆ ಎರಡು ಕಡೆಯವರೂ ಒಂದೇ ಪದ ಬಳಸಿ ಬೇರೆ ಬೇರೆ ಜನರ ಬಗ್ಗೆ ಬರೆಯುತ್ತಾರೆ.

ನಾವು ಕೊಡುವ ಅಭ್ಯಾಸ ಇದು. ಒಂದು ಟಿಬೆಟನ್ ಕುಟುಂಬವನ್ನು ಕಲ್ಪಿಸಿಕೊಳ್ಳಿ: ಅಜ್ಜಿ ಲ್ಹಾಸಾದಲ್ಲಿ ಹುಟ್ಟಿದವರು, ಮಗ 1980ರಲ್ಲಿ ಬೈಲಕುಪ್ಪೆಯಲ್ಲಿ, ಮೊಮ್ಮಗಳು 2005ರಲ್ಲಿ ಅಲ್ಲೇ. ಇವರಲ್ಲಿ ಭಾರತದ ಪೌರರು ಯಾರು? 1987ರ ಜುಲೈ 1ಕ್ಕೆ ಮುಂಚೆ ಇಲ್ಲಿ ಹುಟ್ಟಿದ್ದರಿಂದ ಮಗನಿಗೆ ಜನ್ಮತಃ ಪೌರತ್ವದ ಹಕ್ಕಿದೆ. ಮೊಮ್ಮಗಳ ಉತ್ತರಕ್ಕೆ ತಾಯಿಯ ದಾಖಲೆಯನ್ನೂ ನೋಡಬೇಕು. ಇದೇ ಕುಟುಂಬ ಜರ್ಮನಿಯಲ್ಲಿದ್ದರೆ ಏನೆಂದು ಆಚೆಯವರು ಬಿಡಿಸಲಿ. ಐದೈದು ಜನರ ಮಿಶ್ರ ಗುಂಪಿಗೆ ಒಂದು ವಾರ ಹಿಡಿಯುತ್ತದೆ.

ಅಂಕಿಗಳಲ್ಲೂ ಎಚ್ಚರ ಬೇಕು. ಪ್ಯಾಲೆಸ್ಟೀನ್ ನಿರಾಶ್ರಿತರಲ್ಲಿ ಹೆಚ್ಚಿನವರ ನೋಂದಣಿ ಅವರಿಗಾಗಿಯೇ ಇರುವ ವಿಶ್ವಸಂಸ್ಥೆಯ ಸಂಸ್ಥೆ ಯುಎನ್‌ಆರ್‌ಡಬ್ಲ್ಯುಎ ಬಳಿ, ಉಳಿದ ದೇಶಗಳ ನಿರಾಶ್ರಿತರ ಲೆಕ್ಕ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್ ಬಳಿ. ಒಂದು ಗುಂಪು ಎರಡನ್ನೂ ಕೂಡಿಸಿ, ಇನ್ನೊಂದು ಕೂಡಿಸದಿದ್ದರೆ ಹೋಲಿಕೆಯೇ ತಪ್ಪುತ್ತದೆ.

ವೇಳಾಪಟ್ಟಿಗೆ ಅಕ್ಟೋಬರ್ ಮಧ್ಯದಿಂದ ನವೆಂಬರ್ ಕೊನೆಯವರೆಗಿನ ಅವಧಿ ಅನುಕೂಲ. ಆದರೆ ಅಕ್ಟೋಬರಿನ ಕೊನೆಯ ಭಾನುವಾರ ಜರ್ಮನಿಯ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅಲ್ಲಿನ ಬೆಳಿಗ್ಗೆ 11ಕ್ಕೆ ತರಗತಿ ಗೊತ್ತುಮಾಡಿದ್ದರೆ ಇಲ್ಲಿ ಮಧ್ಯಾಹ್ನ 2:30 ಇದ್ದದ್ದು 3:30 ಆಗುತ್ತದೆ, ಕಾಲೇಜು ಬಸ್ಸಿನ ಹೊತ್ತಿಗೆ ಅರ್ಧ ತರಗತಿ ಖಾಲಿ. ಅಂಕ ಎರಡೂ ಕಡೆ ಇರಲಿ. ಇಲ್ಲದ ಕಡೆಯವರು ಮೂರನೇ ವಾರಕ್ಕೆ ನಾಪತ್ತೆ.

ನಮಗೆ ಹೆಚ್ಚು ಕಳವಳ ತರುವುದು ಬೇರೊಂದು. ತರಗತಿಯಲ್ಲೇ ಸಿರಿಯಾದಿಂದ ಬಂದವರೋ ಟಿಬೆಟನ್ನರೋ ಇರಬಹುದು. ‘ನಿನ್ನ ಅನುಭವ ಹೇಳು’ ಎಂದು ಅವರನ್ನು ಯಾರೂ ಎಬ್ಬಿಸಿ ನಿಲ್ಲಿಸಬಾರದು. ಈ ನಿಯಮವನ್ನು ಮೊದಲ ದಿನವೇ ಎರಡೂ ಕಡೆಯ ಶಿಕ್ಷಕರು ಒಟ್ಟಿಗೆ ಓದಿ ಹೇಳಲಿ. ಗುಂಪು ಚರ್ಚೆಯ ರೆಕಾರ್ಡಿಂಗ್ ಬೇಡವೇ ಬೇಡ.