ಅಂಗಿ ತೊಡಿಸುತ್ತಾ ಒಂದು ಹಾಡು

ಡಿಮೆನ್ಷಿಯ, ಅಂದರೆ ನೆನಪೂ ಗ್ರಹಿಕೆಯೂ ಕುಂದುತ್ತಾ ಹೋಗುವ ಕಾಯಿಲೆ, ಇರುವವರ ಆರೈಕೆ ಕೇಂದ್ರಗಳಲ್ಲಿ ಬೆಳಗಿನ ಹೊತ್ತೇ ಹೆಚ್ಚು ಕಷ್ಟದ್ದು. ಹಾಸಿಗೆಯಿಂದ ಎಬ್ಬಿಸಬೇಕು, ಮೈ ಒರೆಸಬೇಕು, ಬಟ್ಟೆ ಬದಲಿಸಬೇಕು. ಮೈ ಮುಟ್ಟುತ್ತಿರುವವರು ಯಾರೆಂಬುದೇ ಅಜ್ಜನಿಗೆ ಗೊತ್ತಿಲ್ಲ. ‘ಕೈ ಎತ್ತಿ’, ‘ಈ ಕಡೆ ತಿರುಗಿ’, ‘ಸ್ವಲ್ಪ ನಿಲ್ಲಿ’ ಎಂದು ಒಂದರ ಹಿಂದೊಂದು ಬರುವ ಮಾತು ತಲೆಗೆ ಹತ್ತುವುದಿಲ್ಲ. ಕೊಸರಾಡುತ್ತಾರೆ, ಬೈಯುತ್ತಾರೆ, ಒಮ್ಮೊಮ್ಮೆ ಹೊಡೆದೂ ಬಿಡುತ್ತಾರೆ.

ಈ ಹೊತ್ತನ್ನೇ ಸ್ವೀಡನ್ನಿನ ಶುಶ್ರೂಷಾ ಸಂಶೋಧಕಿ ಏವಾ ಯೋಟೆಲ್ ಮತ್ತು ಸಂಗಡಿಗರು 2000ದ ದಶಕದ ಆರಂಭದಲ್ಲಿ ವಿಡಿಯೊ ಮಾಡಿ ನೋಡಿದರು. ಅದೇ ಬೆಳಗಿನ ಕೆಲಸ, ಮೂರು ರೀತಿ: ಒಮ್ಮೆ ಎಂದಿನಂತೆ, ಒಮ್ಮೆ ಹಳೆಯ ಹಾಡುಗಳ ಧ್ವನಿಮುದ್ರಿಕೆ ಹಾಕಿಕೊಂಡು, ಒಮ್ಮೆ ಆರೈಕೆಯವರೇ ಹಾಡುತ್ತಾ. ಧ್ವನಿಮುದ್ರಿಕೆಯಿಂದಲೂ ಪ್ರಯೋಜನವಾಯಿತು. ಆದರೆ ಆರೈಕೆಯವರು ತಾವೇ ಹಾಡಿದಾಗ ಕುಗ್ಗಿ ಕೂರುತ್ತಿದ್ದವರು ಬೆನ್ನು ನೆಟ್ಟಗೆ ಮಾಡಿದರು, ಕೈಕಾಲಿನ ಚಲನೆಗೆ ಬಲ ಬಂತು. ಇನ್ನೊಂದು ವಿಚಿತ್ರ: ಹಾಡುವಾಗ ಸಿಬ್ಬಂದಿ ಸೂಚನೆ ಕೊಡುವುದು ಬಹಳ ಕಡಿಮೆಯಾಗಿತ್ತು, ಆದರೂ ಏನು ಮಾಡಬೇಕೆಂಬುದು ರೋಗಿಗಳಿಗೆ ಹೆಚ್ಚು ತಿಳಿದಂತೆ ಕಂಡಿತು. ನೋಡಿದ್ದು ಕೆಲವೇ ಮಂದಿಯನ್ನು ಎಂಬುದನ್ನೂ ಹೇಳಬೇಕು.

ಮಕ್ಕಳ ಹೆಸರು ಮರೆತವರಿಗೆ ಹಾಡು ಹೇಗೆ ನೆನಪಿರುತ್ತದೆ? ಜರ್ಮನಿಯ ಲೈಪ್ಜಿಗ್‌ನ ವಿಜ್ಞಾನಿಗಳು 2015ರಲ್ಲಿ ಒಂದು ಸುಳಿವು ಕೊಟ್ಟರು. ಬಹುಕಾಲದಿಂದ ಬಲ್ಲ ಹಾಡನ್ನು ಕೇಳುವಾಗ ಆರೋಗ್ಯವಂತ ಯುವಜನರ ಮಿದುಳಿನಲ್ಲಿ ಎಚ್ಚರಗೊಳ್ಳುವ ಭಾಗಗಳನ್ನು ಅವರು ಗುರುತಿಸಿದರು; ಮುಖ್ಯವಾದವು ಚಲನೆಯನ್ನು ಯೋಜಿಸುವ ಒಂದು ಭಾಗ, ಮತ್ತು ಎರಡು ಗೋಳಾರ್ಧಗಳು ಎದುರುಬದುರಾಗುವ ಒಳಮಗ್ಗುಲಿನ ಇನ್ನೊಂದು. ಡಿಮೆನ್ಷಿಯಕ್ಕೆ ಮುಖ್ಯ ಕಾರಣವಾದ ಆಲ್‌ಝೈಮರ್ ಕಾಯಿಲೆಯ ರೋಗಿಗಳ ಮಿದುಳಿನ ಚಿತ್ರಗಳಲ್ಲಿ ಇದೇ ಜಾಗಗಳು ಬೇರೆಡೆಗಿಂತ ಕಡಿಮೆ ಸವೆದಿದ್ದವು. ಹಾಡು ಕೇಳಿದವರೂ ರೋಗಿಗಳೂ ಬೇರೆ ಬೇರೆ ಜನ, ಹಾಗಾಗಿ ಇದನ್ನು ಸುಳಿವೆಂದೇ ಓದಿಕೊಳ್ಳಬೇಕು.

ತಿಂಗಳಿಗೊಮ್ಮೆ ಕಲಾವಿದರನ್ನು ಕರೆಸಿ ಕಾರ್ಯಕ್ರಮ ಮಾಡಿಸಿ, ಫೋಟೊ ತೆಗೆದು ಸುಮ್ಮನಾಗುವುದು ಸುಲಭ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಮೈ ಒರೆಸುವವರೇ ಹಾಡಲು ಕಲಿಯುವುದು. ಈ ತರಬೇತಿಯಲ್ಲಿ ಸ್ವರಜ್ಞಾನ ಗೌಣ. ಮೊದಲು ಬಿಡಿಸಬೇಕಾದದ್ದು ‘ನನಗೆ ಹಾಡೋಕೆ ಬರಲ್ಲ’ ಎಂಬ ಸಂಕೋಚ. ಆಮೇಲೆ ಕಲಿಸಬೇಕಾದದ್ದು ನೋಡುವುದು, ಕಾಯುವುದು. ಹಾಡಿನ ವೇಗ ಆರೈಕೆ ಪಡೆಯುವವರ ಉಸಿರಾಟಕ್ಕೂ ನಡಿಗೆಗೂ ಹೊಂದಬೇಕು. ಶ್ರುತಿ ತಗ್ಗಿರಬೇಕು, ಏಕೆಂದರೆ ವಯಸ್ಸಾದ ಹೆಂಗಸರ ದನಿ ಇಳಿದಿರುತ್ತದೆ. ಸಾಲಿನ ಕೊನೆಯ ಪದ ಬಿಟ್ಟು ತಡೆದರೆ ಎಷ್ಟೋ ಬಾರಿ ಅವರೇ ತುಂಬುತ್ತಾರೆ. ಟೀವಿ ಆರಿಸಿರಬೇಕು. ಹಾಡುಗಳನ್ನು ಆರಿಸುವಾಗ ಅವರ ಹತ್ತರಿಂದ ಮೂವತ್ತರ ವಯಸ್ಸಿನ ಕಾಲಕ್ಕೆ ಹೋಗಬೇಕು. ನೆನಪುಗಳು ಹೆಚ್ಚು ಗಟ್ಟಿಯಾಗಿ ನಿಲ್ಲುವುದು ಆ ಅವಧಿಯವೇ. ಯಾವ ಹಾಡು ಅವರನ್ನು ಅಳಿಸುತ್ತದೆ ಎಂದು ಮನೆಯವರನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಮುಖ ಗಂಟಿಕ್ಕಿದರೆ ನಿಲ್ಲಿಸಬೇಕು, ಅಷ್ಟೇ.

ತೊಡಕು ಬರುವುದು ಭಾಷೆಯಲ್ಲಿ. ಸ್ವೀಡನ್ನಿನಲ್ಲಿ ಈ ಕೆಲಸ ಮಾಡುವವರಲ್ಲಿ ಹೊರದೇಶಗಳಲ್ಲಿ ಹುಟ್ಟಿದವರು ಬಹಳ; ಅಲ್ಲಿನ ಅಜ್ಜಿಯ ಶಾಲೆಯ ಹಾಡು ಅವರಿಗೆ ಗೊತ್ತಿಲ್ಲ. ಬೆಂಗಳೂರಿನಲ್ಲೂ ಹೊರರಾಜ್ಯದಿಂದ ಬಂದ ಹುಡುಗಿ ದಾಸರ ಪದವನ್ನೋ ಸೋಬಾನೆಯನ್ನೋ ಕೇಳಿರಲಿಕ್ಕಿಲ್ಲ. ಧಾಟಿ ಹಿಡಿದು ಗುನುಗಿದರೂ ಕೆಲಸವಾಗುತ್ತದೆ, ಅಜ್ಜಿಯಿಂದಲೇ ಒಂದೆರಡು ಸಾಲು ಕಲಿತರೆ ಇನ್ನೂ ಚೆಂದ. ಕಲಿಸುವ ಪಾತ್ರ ಆ ಅಜ್ಜಿಗೆ ಸಿಕ್ಕಿ ಎಷ್ಟು ವರ್ಷವಾಗಿರುತ್ತದೋ!

ಹಾಡಿಗೆ ಔಷಧದ ಪಟ್ಟ ಕಟ್ಟಬೇಕಿಲ್ಲ. ಅಮೆರಿಕದ 54 ಆರೈಕೆ ಕೇಂದ್ರಗಳಲ್ಲಿ ಪ್ರತಿಯೊಬ್ಬರಿಗೂ ಇಷ್ಟದ ಹಾಡುಗಳನ್ನು ಪ್ಲೇಯರ್‌ನಲ್ಲಿ ಕೇಳಿಸಿ ನಡೆಸಿದ ದೊಡ್ಡ ಪರೀಕ್ಷೆಯಲ್ಲಿ ಚಡಪಡಿಕೆ ಗಮನಾರ್ಹವಾಗಿ ಇಳಿಯಲಿಲ್ಲ. ಆಸ್ಟ್ರೇಲಿಯದ ಕೇಂದ್ರಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಲ್ಲರೂ ಒಟ್ಟಿಗೆ ಕೂತು ಹಾಡಿದ ಗುಂಪುಗಾಯನದಿಂದ ಖಿನ್ನತೆ ತಗ್ಗಿತು. ಕೇಳಿಸುವುದಕ್ಕೂ ಕೂಡಿ ಹಾಡುವುದಕ್ಕೂ ವ್ಯತ್ಯಾಸವಿದೆ ಎಂದು ನನಗನ್ನಿಸಲು ಇದೂ ಒಂದು ಕಾರಣ.

‘ನಮಗೆ ಪುರುಸೊತ್ತೆಲ್ಲಿ?’ ಎಂದು ಸಿಬ್ಬಂದಿ ಕೇಳುವುದು ನ್ಯಾಯವೇ. ಆದರೆ ಅಂಗಿಯ ಗುಂಡಿ ಹೇಗೂ ಹಾಕಲೇಬೇಕು, ಹಾಡಿಗೆಂದು ಬೇರೆ ವೇಳೆ ಬೇಡ. ಬೇಕಾದದ್ದು ಕೇಸ್ ಫೈಲಿನಲ್ಲಿ, ಮಾತ್ರೆಗಳ ಪಟ್ಟಿಯ ಕೆಳಗೆ ಒಂದು ಸಾಲು: ಯಾವ ಹಾಡು, ಯಾವ ಧಾಟಿ, ಯಾವುದು ಬೇಡ. ರಾತ್ರಿ ಪಾಳಿಗೆ ಬರುವವರಿಗೂ ಅದು ಸಿಗುವಂತಿರಬೇಕು.