ಟ್ಯಾಪೆಟ್ ಕವರ್‌ಗೆ ಮನೆಯಲ್ಲೇ ಬಣ್ಣ ಹೊಡೆಯಬಹುದೇ?

ಪ್ರಶ್ನೆ: ನನ್ನದು ಹನ್ನೆರಡು ವರ್ಷ ಹಳೆಯ ಪೆಟ್ರೋಲ್ ಕಾರು. ಬಾನೆಟ್ ಎತ್ತಿದರೆ ಎಂಜಿನ್ ಮೇಲಿನ ಅಲ್ಯೂಮಿನಿಯಂ ಟ್ಯಾಪೆಟ್ ಕವರ್ ಮಂಕಾಗಿ, ಅಲ್ಲಲ್ಲಿ ಬಿಳಿ ಹುಡಿ ಹಿಡಿದಂತೆ ಕಾಣುತ್ತದೆ. ಅದಕ್ಕೆ ಮನೆಯಲ್ಲೇ ಕೆಂಪು ಬಣ್ಣ ಹೊಡೆಯುವ ಆಸೆ. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಸ್ಪ್ರೇ ಡಬ್ಬಿ ಸಾಕೇ? ಬಣ್ಣ ಬಾಳಿಕೆ ಬರುತ್ತದೆಯೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ಧಾರಾಳವಾಗಿ ಹೊಡೆಯಬಹುದು. ಆದರೆ ಮಾಮೂಲಿ ಡಬ್ಬಿ ಸಾಲದು. ಬಾಳಿಕೆಯ ವಿಷಯಕ್ಕೆ ಬಂದರೆ, ಡಬ್ಬಿಗೆ ಎಷ್ಟು ದುಡ್ಡು ಕೊಟ್ಟಿರಿ ಎನ್ನುವುದಕ್ಕಿಂತ ಕವರ್ ಅನ್ನು ಎಷ್ಟು ಚೆನ್ನಾಗಿ ತೊಳೆದಿರಿ ಎನ್ನುವುದೇ ಮುಖ್ಯ.

ಮೊದಲು ಶಾಖದ ಲೆಕ್ಕ. ಎಂಜಿನ್ ಬಿಸಿಯೇರಿದಾಗ ಕೂಲೆಂಟ್ 90 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ, ಎಂಜಿನ್ ಆಯಿಲ್ ಅದಕ್ಕಿಂತ ತುಸು ಹೆಚ್ಚು. ಗೇಟಿಗೆ, ಸೈಕಲ್ಲಿಗೆ ಹೊಡೆಯುವ ಬಣ್ಣ ಈ ಶಾಖಕ್ಕೆ ಮೆತ್ತಗಾಗುತ್ತದೆ. ಆಯಿಲ್ ತುಂಬುವಾಗ ನಾಲ್ಕು ಹನಿ ಚೆಲ್ಲಿದರೆ ಕಲೆ ಹಿಡಿಯುತ್ತದೆ, ಪೆಟ್ರೋಲ್ ತಾಗಿದರೆ ಎದ್ದೇ ಬರುತ್ತದೆ. ಎಂಜಿನ್ ಎನಾಮೆಲ್ ಎಂದು ಬರೆದಿರುವ ಡಬ್ಬಿಯನ್ನೇ ಕೇಳಿ. ಅಂಥವು ಸಾಮಾನ್ಯವಾಗಿ 260 ಡಿಗ್ರಿಯವರೆಗೆ ತಡೆಯುತ್ತವೆ, ನಿಮ್ಮ ಕೆಲಸಕ್ಕೆ ಅದು ಬೇಕಾದಷ್ಟಾಯಿತು. 650 ಡಿಗ್ರಿ ಎಂದು ಬರೆದಿರುವ ಡಬ್ಬಿ ಸೈಲೆನ್ಸರ್ ಪೈಪಿನದು. ಹೆಚ್ಚು ಶಾಖದ್ದೇ ಇರಲಿ ಎಂದು ಅದನ್ನು ತಂದರೆ ಬಣ್ಣಗಳ ಆಯ್ಕೆ ಕಡಿಮೆ, ಹೊಳಪೂ ಇಲ್ಲ.

ಇನ್ನು ಆ ಬಿಳಿ ಹುಡಿ. ಕಡಲ ಬದಿಯ ಉಪ್ಪುಗಾಳಿಗೆ ಅಲ್ಯೂಮಿನಿಯಂ ಸವೆದು ಉಂಟಾಗುವ ಆಕ್ಸೈಡ್ ಅದು. ಅದರ ಮೇಲೆಯೇ ಬಣ್ಣ ಹೊಡೆದರೆ ಕೆಲವೇ ತಿಂಗಳಲ್ಲಿ ಗುಳ್ಳೆ ಎದ್ದು ಹಾಳೆ ಹಾಳೆಯಾಗಿ ಉದುರುತ್ತದೆ. ಆದ್ದರಿಂದ ಕವರ್ ಅನ್ನು ಬಿಚ್ಚಿ ಹೊರತೆಗೆಯಲೇಬೇಕು. ಕಾರಿನಲ್ಲೇ ಇಟ್ಟು ಸುತ್ತ ಪೇಪರ್ ಅಂಟಿಸಿ ಹೊಡೆಯುವವರಿದ್ದಾರೆ. ವೈರು, ಹೋಸ್ ಪೈಪುಗಳ ಮೇಲೆಲ್ಲ ಕೆಂಪು ತುಂತುರು ಬಿದ್ದ ಎಂಜಿನ್ ನೋಡುವುದಕ್ಕಿಂತ ಮಂಕು ಕವರೇ ವಾಸಿ. ಬಿಚ್ಚಿದ ಮೇಲೆ ಎಂಜಿನ್ ಬಾಯನ್ನು ನೂಲು ಬಿಡದ ಶುಚಿಯಾದ ಬಟ್ಟೆಯಿಂದ ಮುಚ್ಚಿ. ನಮ್ಮ ಕೆಂಪು ಮಣ್ಣಿನ ಧೂಳು ಕ್ಯಾಮ್‌ಶಾಫ್ಟ್ ಮೇಲೆ ಕೂರಬಾರದು.

ತೊಳೆಯುವಾಗ ಗ್ಯಾರೇಜಿನ ರೂಢಿಯಂತೆ ಸೀಮೆಎಣ್ಣೆ ಅಥವಾ ಡೀಸೆಲ್‌ನಿಂದ ಶುರು ಮಾಡಿದರೆ ತಪ್ಪಿಲ್ಲ, ಅಲ್ಲಿಗೇ ಮುಗಿಸಿದರೆ ತಪ್ಪು. ಎರಡೂ ತೆಳುವಾದ ಎಣ್ಣೆಯ ಪದರವನ್ನು ಬಿಡುತ್ತವೆ. ಮುಂದೆ ಪಾತ್ರೆ ತೊಳೆಯುವ ದ್ರವ ಹಾಕಿದ ಬಿಸಿನೀರಿನಲ್ಲಿ ಬ್ರಷ್‌ನಿಂದ ಉಜ್ಜಿ, ಒಣಗಿಸಿ, 180ರ ಎಮರಿ ಪೇಪರ್‌ನಿಂದ ಬಿಳಿ ಹುಡಿಯೆಲ್ಲ ಹೋಗುವವರೆಗೆ ತಿಕ್ಕಿ. ಆಮೇಲೆ 320ರ ಪೇಪರ್. ಕೊನೆಗೆ ಥಿನ್ನರ್ ಹಾಕಿದ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಒರೆಸುತ್ತಿರಿ. ಅಷ್ಟಾದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡೂ ಜಿಡ್ಡೇ. ಎಣ್ಣೆ ಬೆರೆತ ನೀರನ್ನು ಅಂಗಳಕ್ಕೆ ಚೆಲ್ಲಬೇಡಿ, ಬಾವಿ ಹತ್ತಿರವಿದ್ದರಂತೂ ಬೇಡವೇ ಬೇಡ.

ಇಷ್ಟೆಲ್ಲ ತಿಕ್ಕುವ ಬದಲು ಸ್ಯಾಂಡ್ ಬ್ಲಾಸ್ಟಿಂಗ್ (ರಭಸದಿಂದ ಮರಳು ಊದಿ ಮೈ ಶುಚಿ ಮಾಡುವುದು) ಮಾಡಿಸೋಣ ಎಂದು ಅನ್ನಿಸುತ್ತದೆ. ಕವರ್‌ನ ಒಳಭಾಗದಲ್ಲಿ ಆಯಿಲ್ ಆವಿಯನ್ನು ತಡೆಯುವ ತಗಡೊಂದು ಇರುತ್ತದೆ. ಅದನ್ನು ಬಿಚ್ಚಲಾಗದಿದ್ದರೆ ಬ್ಲಾಸ್ಟಿಂಗ್ ಆಲೋಚನೆಯನ್ನು ಕೈಬಿಡಿ. ತಗಡಿನ ಹಿಂದೆ ಸಿಕ್ಕಿಕೊಂಡ ಮರಳು ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಮುಂದೊಂದು ದಿನ ಆಯಿಲ್ ಜೊತೆ ಇಳಿದು ಬೇರಿಂಗ್‌ಗಳನ್ನು ಗೀಚುತ್ತದೆ. ಎಮರಿ ಪೇಪರಿನ ಕೆಲಸಕ್ಕೂ ಒಳಭಾಗವನ್ನು ಮುಚ್ಚಿಕೊಳ್ಳುವುದು ಒಳ್ಳೆಯದು.

ಬಣ್ಣ ಹೊಡೆಯುವ ಮುನ್ನ ಗ್ಯಾಸ್ಕೆಟ್ (ಆಯಿಲ್ ಸೋರದಂತೆ ತಡೆಯುವ ಪಟ್ಟಿ) ಕೂರುವ ಅಂಚಿಗೆ, ಸ್ಪಾರ್ಕ್ ಪ್ಲಗ್ ಕುಳಿಗಳ ಸೀಲ್ ಜಾಗಕ್ಕೆ, ಆಯಿಲ್ ಮುಚ್ಚಳದ ತಿರುಪಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಗ್ಯಾಸ್ಕೆಟ್ ಕಾಲುವೆಯಲ್ಲಿ ಬಣ್ಣ ಕಟ್ಟಿಕೊಂಡರೆ ಅಲ್ಲಿಂದಲೇ ಆಯಿಲ್ ಜಿನುಗಲು ಶುರು. ಬರಿ ಅಲ್ಯೂಮಿನಿಯಂಗೆ ಎಚ್ (etch) ಪ್ರೈಮರ್, ಅಂದರೆ ಲೋಹದ ಮೈಯನ್ನು ತುಸು ಕೊರೆದು ಹಿಡಿದುಕೊಳ್ಳುವ ತಳಬಣ್ಣ ಬೇಕು. ಮೇಲಿನ ಬಣ್ಣಕ್ಕೆ ಹೊಂದುವಂಥದ್ದು, ಅಷ್ಟೇ ಶಾಖ ತಡೆಯುವಂಥದ್ದು ನೋಡಿ ತನ್ನಿ. ಒಂದೇ ಸಲಕ್ಕೆ ದಪ್ಪಗೆ ಹೊಡೆದರೆ ಇಳಿಯುತ್ತದೆ, ತೆಳುವಾಗಿ ಮೂರು ಕೋಟ್ ಸಾಕು. ಮುಂದಿನ ಕೋಟ್‌ಗೆ ಎಷ್ಟು ಹೊತ್ತು ಬಿಡಬೇಕೆಂಬುದು ಡಬ್ಬಿಯ ಮೇಲಿರುತ್ತದೆ. ಎಷ್ಟೋ ಎಂಜಿನ್ ಎನಾಮೆಲ್‌ಗಳನ್ನು ಮೊದಲ ಒಂದು ಗಂಟೆಯೊಳಗೆ ಹೊಡೆದು ಮುಗಿಸಬೇಕು, ಇಲ್ಲವಾದರೆ ಏಳು ದಿನ ಕಾಯಬೇಕು. ನಡುವೆ ಹೊಡೆದರೆ ಕೆಳಗಿನ ಪದರ ಸುಕ್ಕುಗಟ್ಟುತ್ತದೆ.

ಹವೆಯನ್ನೂ ನೋಡಿಕೊಳ್ಳಿ. ಮೇ ಕೊನೆಯ ಹೊತ್ತಿಗೆ, ಮಳೆಗಾಲದ ಹೊಸ್ತಿಲಲ್ಲಿ ಬರುವ ಪತ್ತನಾಜೆ ಕಳೆದ ಮೇಲೆ ಈ ಕೆಲಸಕ್ಕೆ ಕೈ ಹಾಕಬೇಡಿ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಬಣ್ಣದ ಮೇಲೆ ಮಂಜು ಕವಿದಂತೆ ಬಿಳುಪು ಕೂರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಬೆಳಗ್ಗೆ, ಇಬ್ಬನಿ ಆರಿ ಕಡಲಗಾಳಿ ಏಳುವ ಮೊದಲಿನ ಹೊತ್ತು ಪ್ರಶಸ್ತ.

ಒಣಗಿದ ಬಣ್ಣ ಗಟ್ಟಿಯಾಗುವುದು ಶಾಖ ಸಿಕ್ಕಾಗ. ಓವನ್‌ನಲ್ಲಿ 93 ಡಿಗ್ರಿಯಲ್ಲಿ ಒಂದು ಗಂಟೆ ಇಡಲು ಹೇಳುವ ಡಬ್ಬಿಗಳಿವೆ. ಕೇಕ್ ಬೇಯಿಸುವ ಓವನ್‌ಗೆ ಇದನ್ನು ತೂರಿಸಬೇಡಿ, ಮನೆಯವರ ಬೈಗುಳಕ್ಕಿಂತ ಹೊಗೆಯ ವಿಷ ದೊಡ್ಡದು. ಕವರ್ ಅನ್ನು ಮರಳಿ ಜೋಡಿಸಿ, ಎಂಜಿನ್ ಅನ್ನು ಸ್ವಲ್ಪ ಹೊತ್ತು ಓಡಿಸಿ, ಪೂರ್ತಿ ತಣಿಯಲು ಬಿಟ್ಟು, ಹೀಗೆ ಎರಡು ಮೂರು ಸಲ ಮಾಡಿದರೂ ನಡೆಯುತ್ತದೆ. ಜೋಡಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ. ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಇವು ಸಣ್ಣ ಬೋಲ್ಟ್‌ಗಳು, ತೋಳಬಲ ತೋರಿಸಿದರೆ ಸಿಲಿಂಡರ್ ಹೆಡ್‌ನ ತಿರುಪೇ ಕಿತ್ತು ಬರುತ್ತದೆ.

ಕೆಂಪು ಎಂದಾಗ ಬಹಳ ಜನರ ಮನಸ್ಸಿನಲ್ಲಿರುವುದು ಹೋಂಡಾ ಟೈಪ್ ಆರ್ ಕಾರುಗಳ ಸುಕ್ಕು ಮೈಯ ಕೆಂಪು ಕವರ್. ಅಂಥ ಸುಕ್ಕು ಬಣ್ಣವೂ ಡಬ್ಬಿಯಲ್ಲಿ ಬರುತ್ತದೆ, ಎರಕದ ಒರಟನ್ನು ಮುಚ್ಚುತ್ತದೆ. ಆದರೆ ಸುಕ್ಕಿನೊಳಗೆ ಕೂತ ಧೂಳು, ಉಪ್ಪನ್ನು ತೆಗೆಯುವುದು ಕಷ್ಟ. ಮಲ್ಪೆಯಲ್ಲಿರುವ ನಿಮಗೆ ನಯವಾದ ಮೈಯೇ ನನ್ನ ಸಲಹೆ. ಹೊಳೆಯುವ ಬಣ್ಣಕ್ಕಾಗಿ ಬ್ಯಾಟರಿ ಆ್ಯಸಿಡ್ ತಂದು ಮನೆಯಲ್ಲೇ ಆ್ಯನೋಡೈಸಿಂಗ್ (ವಿದ್ಯುತ್ ಹಾಯಿಸಿ ಲೋಹದ ಮೇಲೆ ಆಕ್ಸೈಡ್ ಪದರ ಕೂರಿಸುವುದು) ಮಾಡುವುದನ್ನು ಮೊಬೈಲಿನಲ್ಲಿ ನೋಡಿರಬಹುದು. ಆ್ಯಸಿಡ್‌ನ ಅಪಾಯ ಹಾಗಿರಲಿ, ಎರಕ ಹೊಯ್ದ ಕವರ್‌ಗಳಲ್ಲಿ ಸಿಲಿಕಾನ್ ಹೆಚ್ಚಿರುವುದರಿಂದ ಕೊನೆಗೆ ಸಿಗುವುದು ಕೊಳೆಬೂದು ಬಣ್ಣ.

ಮನೆಯಲ್ಲಿ ಜಾಗವಿಲ್ಲ, ತಾಳ್ಮೆಯೂ ಇಲ್ಲ ಎಂದಾದರೆ ಕವರ್ ಬಿಚ್ಚಿಕೊಂಡು ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶದಲ್ಲಿ ಪೌಡರ್ ಕೋಟಿಂಗ್ ಮಾಡುವವರನ್ನು ವಿಚಾರಿಸಿ. ಹುಡಿಯನ್ನು ಸುಮಾರು 180ರಿಂದ 200 ಡಿಗ್ರಿಯಲ್ಲಿ ಬೇಯಿಸುವುದರಿಂದ ಅದು ಡಬ್ಬಿ ಬಣ್ಣಕ್ಕಿಂತ ಗಟ್ಟಿ. ರಬ್ಬರ್, ಪ್ಲಾಸ್ಟಿಕ್ ಭಾಗಗಳನ್ನೆಲ್ಲ ತೆಗೆದೇ ಕೊಡಿ, ಬ್ಲಾಸ್ಟಿಂಗ್ ಬೇಡವೆಂದು ಮೊದಲೇ ಹೇಳಿ.

ಕವರ್ ಚೆನ್ನಾಗಿ ಬಂತೆಂದು ಉತ್ಸಾಹದಲ್ಲಿ ಬೆಲ್ಟ್, ಹೋಸ್, ಸೆನ್ಸರ್, ಅರ್ತಿಂಗ್ ವೈರಿನ ಬುಡ ಇವುಗಳಿಗೆ ಬಣ್ಣ ತಾಗಿಸಬೇಡಿ. ಎಂಜಿನ್ ಬ್ಲಾಕ್ ಮೇಲೆ ಕೊರೆದಿರುವ ಎಂಜಿನ್ ನಂಬರ್ ಅನ್ನಂತೂ ಮುಚ್ಚಲೇಬೇಡಿ. ಮುಂದೆ ಕಾರು ಮಾರುವಾಗ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಯೊಂದಿಗೆ ತಾಳೆ ನೋಡುವುದು ಅದನ್ನೇ.